ಜಗಲಿಯ ತೊಲೆ, ಅಗಸೆಯ ಎಣ್ಣೆ

ನಾಲ್ಕನೆಯ ರೊಟ್ಟಿ ತಟ್ಟುತ್ತಿದ್ದಾಗ ದಾಕ್ಷಾಯಿಣಿಯ ಕಾಲ್ಬೆರಳು ಹಲಗೆಗೆ ತಾಗಿತು. ಹಿಟ್ಟಿನ ಕೈಯಲ್ಲೇ ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೆಳಗಿನಿಂದ ಇದು ಹನ್ನೊಂದನೆಯ ಸಲ. ಹುಬ್ಬೆರಡೂ ಬೆಳ್ಳಗಾಗಿದ್ದವು.

ಹಲಗೆ ದೇವರಲ್ಲ. ಮಹಡಿಯ ಹೊಸ ಕೋಣೆಯ ನೆಲಕ್ಕೆ ಯಾವ ಪಾಲಿಶ್ ಮಾಡಿಸಬೇಕೆಂದು ನೋಡಲು ಹುಕ್ಕೇರಿಯ ಬಡಗಿ ಮುತ್ತಪ್ಪ ಕೊಟ್ಟುಹೋದ ಮಾದರಿ. ಆದರೆ ಕಟ್ಟಿಗೆ ಮೇಲವಂಕಿಯ ಹಳೆಯ ಮನೆಯದು. ಆ ಮನೆ ಕೆಡವಿದಾಗ ಗಂಡ ಸೋಮಶೇಖರ ಸಾಗವಾನಿ ತೊಲೆಗಳನ್ನು ಗೋಕಾಕಿಗೆ ತರಿಸಿ ಹಲಗೆ ಕೊಯ್ಯಿಸಿದ್ದ. ಹತ್ತರಗಿಯ ಹತ್ತಿರ ಹೈವೇ ಪಕ್ಕದ ಹೋಟೆಲೊಂದರಲ್ಲಿ ಅವನು ಕಟ್ಟಿಗೆಯ ನೆಲ ನೋಡಿ ಬಂದಿದ್ದ. "ಏನ ಹೊಳಪ ಅಂತಿ! ಬಗ್ಗಿ ನೋಡಿದರ ನನ್ನ ಹಲ್ಲ ಕಾಣತಿದ್ವು" ಎಂದು ಒಂದು ತಿಂಗಳು ಹೇಳಿದ. ಊಟಕ್ಕೆ ಹೋದವನು ನೆಲದಲ್ಲಿ ಹಲ್ಲು ಯಾಕೆ ನೋಡಿಕೊಂಡ ಎಂದು ಅವಳು ಕೇಳಲಿಲ್ಲ.

ಶನಿವಾರ ಮುತ್ತಪ್ಪ ಎರಡು ಹಲಗೆ ತಂದ. ಹಿಂಬದಿಗೆ ಪೆನ್ಸಿಲಿನಲ್ಲಿ ಒಂದು, ಎರಡು ಎಂದು ಬರೆದಿದ್ದ.

"ಒಂದನೇದು ಗಾಜಿನಂಥ ಪಾಲಿಶ್ ರಿ, ಅಣ್ಣಾರ. ಮಸ್ತ ಹೊಳೀತೈತಿ. ಆದರ ಗೀರ ಬಿದ್ದರ ಎದ್ದ ಕಾಣತೈತಿ. ಎರಡನೇದು ಬರೇ ಅಗಸಿ ಎಣ್ಣಿ ತಿಕ್ಕಿದ್ದು. ಈಗ ಮಂಕ ಐತಿ, ಬಳಸಿದಂಗ ಬಣ್ಣ ಏರತೈತಿ. ವರ್ಷಕ್ಕೊಮ್ಮಿ ಮತ್ತ ತಿಕ್ಕಬೇಕು."

"ಅಗಸಿ ಎಣ್ಣಿ? ನೆಲಕ್ಕ ರೊಟ್ಟಿ ಹಚಗೊಂಡ ತಿನ್ನೂದೈತೇನೋ?" ಎಂದು ಸೋಮಶೇಖರ ನಕ್ಕ.

"ಎಂಟ ದಿನ ಇಟ್ಟ ನೋಡ್ರಿ. ತುಳೀರಿ, ನೀರ ಚೆಲ್ರಿ. ಅಕ್ಕಾರನ್ನೂ ಒಂದ ಮಾತ ಕೇಳ್ರಿ."

ಅಕ್ಕಾರನ್ನು ಯಾರೂ ಕೇಳಲಿಲ್ಲ. ಹೊಳೆಯುವ ಹಲಗೆಯನ್ನು ಬಂದವರಿಗೆ ಕಾಣುವಂತೆ ಪಡಸಾಲೆಯಲ್ಲಿಟ್ಟು, ಎಣ್ಣೆಯದನ್ನು ಅಡುಗೆಮನೆಗೆ ತಳ್ಳಿ, ಸೋಮಶೇಖರ ಮೂಡಲಗಿಯಲ್ಲಿ ತೆರೆಯಲಿದ್ದ ಪಂಪ್‌ಸೆಟ್ ಅಂಗಡಿಯ ಕೆಲಸಕ್ಕೆ ವಾರದ ಮಟ್ಟಿಗೆ ಹೋಗಿಬಿಟ್ಟ.

ಕೇಳಿದ್ದರೆ ಅವಳಲ್ಲಿ ಉತ್ತರವಿತ್ತು. ಇಪ್ಪತ್ತಾರು ವರ್ಷ ಫರ್ಸಿ ಕಲ್ಲಿನ ನೆಲದ ಮೇಲೆ, ಆಮೇಲೆ ಟೈಲ್ಸ್ ಮೇಲೆ ಓಡಾಡಿ ಅವಳ ಮೊಣಕಾಲು ಸವೆದಿದ್ದವು. ತಣ್ಣಗಿಲ್ಲದ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು ಅರ್ಧ ತಾಸು ಕೂರಬೇಕು. ಇಷ್ಟೇ ಆಸೆ. ಗಾಜಿನ ಪಾಲಿಶ್ ಬಂದರೆ ಆ ಕೋಣೆ ಬೀಗರಿಗಾಗುತ್ತದೆ. ತಾನು ಒರೆಸುವ ಅರಿವೆ ಹಿಡಿದೇ ಒಳಗೆ ಹೋಗಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಮಗ ಅತ್ತ ಹೋದ ಕೂಡಲೇ ಅತ್ತೆ ಚನ್ನವ್ವ ಹಲಗೆಯ ಗುರುತು ಹಿಡಿದಿದ್ದಳು.

"ಅಯ್ಯ ಶಿವನ! ಈ ಮೊಳಿ ತೂತ ನೋಡ, ಇಲ್ಲೇ ದೀಪ ತೂಗಹಾಕತಿದ್ವಿ. ಎರಡೂ ನಮ್ಮ ದೇವರ ಜಗಲಿ ಮ್ಯಾಲಿನ ತೊಲೀವು! ಇವನ್ನ ತುಳೀತೀರೇನ?"

"ನೆಲಕ್ಕ ಹಾಕೂದರಿ ಅತ್ತಿ. ತುಳೀಲಾರದ ಹೆಂಗ?"

ಚನ್ನವ್ವ ಮೊಳೆಯ ತೂತನ್ನು ಬೆರಳಿಂದ ಸವರಿದಳು. "ತುಳೀರಿ. ಕಾಲ ಹತ್ತಿದಾಗೊಮ್ಮೆ ಮುಟ್ಟಿ ನಮಸ್ಕಾರ ಮಾಡ್ರಿ."

ಅಲ್ಲಿಗೆ ಪಾಲಿಶ್ ಪರೀಕ್ಷೆ ಮುಗಿಯಿತು. ಪಡಸಾಲೆಯ ಹಲಗೆಯನ್ನು ಎಲ್ಲರೂ ಜಿಗಿದು ದಾಟತೊಡಗಿದರು. ಗೊತ್ತಿಲ್ಲದೆ ತುಳಿದ ಗ್ಯಾಸಿನವನು ಚನ್ನವ್ವನ ಗದರಿಕೆಗೆ ಹೆಗಲ ಮೇಲಿನ ಸಿಲಿಂಡರ್ ಇಳಿಸಿ, ನಮಸ್ಕಾರ ಮಾಡಿ, ಮತ್ತೆ ಹೊತ್ತುಕೊಂಡು ಒಳಗೆ ಬಂದ. ಚನ್ನವ್ವ ದಿನವೂ ಪಡಸಾಲೆಯ ಆ ಹಲಗೆಗೆ ವಿಭೂತಿ ಬಳಿದು ಅರಿಸಿನ, ಕುಂಕುಮ ಏರಿಸಿದಳು. ಈ ದಿನ ಸೋಮವಾರವೆಂದು ಅದರ ತುದಿಗೇ ತೆಂಗಿನಕಾಯಿ ಒಡೆದಿದ್ದಳು.

ರೊಟ್ಟಿ ಮುಗಿಸಿ, ಹುಬ್ಬು ಒರೆಸಿಕೊಂಡು ದಾಕ್ಷಾಯಿಣಿ ಕೇಳಿದಳು: "ಅತ್ತಿ, ಇದರ ಮ್ಯಾಲ ಕುಂತರ?"

"ಕುಂತರ ಮಣಿ ಆತಲ್ಲವಾ. ಊಟದ ಮಣಿಗ್ಯಾರ ನಮಸ್ಕಾರ ಮಾಡ್ತಾರ? ಕುಂದರ."

ಅವಳು ಕೂತಳು. ಮೆಂತ್ಯೆ ಸೊಪ್ಪು ಸೋಸುವ ನೆಪದಲ್ಲಿ, ಕಾಲು ಹಲಗೆಯಾಚೆ ಚಾಚಿ, ಗೋಡೆಗೆ ಒರಗಿ. ಕಟ್ಟಿಗೆ ತಣ್ಣಗಿರಲಿಲ್ಲ. ಸೊಪ್ಪು ಮುಗಿದ ಮೇಲೂ ಸ್ವಲ್ಪ ಹೊತ್ತು ಬರಿಗೈಯಲ್ಲಿ ಕೂತಳು. ಮರುದಿನ ಅವರೆಕಾಯಿ ಸುಲಿಯಲು, ಅದರ ಮರುದಿನ ಏನೂ ಇಲ್ಲದೆ. ಎಣ್ಣೆ ಡಬ್ಬಿ ಒರೆಸಿದ ಅರಿವೆಯನ್ನು ಸಂಜೆ ಹಲಗೆಯ ಮೇಲೂ ಆಡಿಸುತ್ತಿದ್ದಳು.

ರವಿವಾರ ಮುತ್ತಪ್ಪ ಬರುವ ಮೊದಲು ಎರಡೂ ಹಲಗೆಗಳನ್ನು ಚೊಕ್ಕಟವಾಗಿ ಒರೆಸಿ ಅಂಗಳದ ಕಟ್ಟೆಯ ಮೇಲಿಟ್ಟಳು. ಒಂದು, ವಿಭೂತಿ ತಿಕ್ಕಿ ತಿಕ್ಕಿ ಗೀರೆದ್ದು, ಕಾಯಿ ಒಡೆದಲ್ಲಿ ಬಿರಿದು, ಬಿರುಕಿನಲ್ಲಿ ಅರಿಸಿನ ಕೂತು ಮಂಕಾಗಿತ್ತು. ಇನ್ನೊಂದಕ್ಕೆ ಆರು ದಿನ ಸೀರೆ ಉಜ್ಜಿ ಬೆಲ್ಲದ ಪಾಕದ ಬಣ್ಣ ಬಂದು, ಬಿಸಿಲಿಗೆ ಮಿನುಗುತ್ತಿತ್ತು.

ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲಷ್ಟೇ ಮೂಡಲಗಿಯಿಂದ ಬಂದಿದ್ದ ಸೋಮಶೇಖರ ನೇರವಾಗಿ ಮಿನುಗುವ ಹಲಗೆಯ ಮೇಲೆ ಕೈಯಿಟ್ಟ.

"ನೋಡ, ಪಾಲಿಶ್ ಅಂದರ ಇದು! ಎಂಟ ದಿನ ತುಳಿದರೂ ಹೆಂಗ ಐತಿ. ಆ ನಿನ್ನ ಅಗಸಿ ಎಣ್ಣೀದ ನೋಡ, ಚಟ್ನಿ ಚೆಲ್ಲಿದಂಗ ಆಗೇತಿ."

ಮುತ್ತಪ್ಪ ಮಿನುಗುವ ಹಲಗೆಯನ್ನು ತಿರುವಿದ. ಹಿಂದೆ 'ಎರಡು' ಎಂದಿತ್ತು.

"ಅಣ್ಣಾರ, ಈ ನಂಬರ ಒಂದ ಸಲ ನೋಡ್ರಲ್ಲ."

"ನಂಬರ ಯಾಕ ಬೇಕು? ನನಗ ಕಣ್ಣಿಲ್ಲೇನ? ಇದನ್ನ ಹಚ್ಚ ಅಂದರ ಇದನ್ನ ಹಚ್ಚ."

"ಹಂಗಾರ ಬರಕೋತೇನಿ. ಆಮ್ಯಾಲ ಬ್ಯಾರೆ ಅನಬ್ಯಾಡ್ರಿ ಮತ್ತ."

"ಬರಕೊ. ಕೋಣಿ ತುಂಬ ಇದ ಆಗಬೇಕು." ಸೋಮಶೇಖರ ಖುಷಿಯಲ್ಲಿ ಹೆಂಡತಿಯತ್ತ ತಿರುಗಿದ. "ನೀ ಏನಂತಿ, ದಾಕ್ಷಾಯಿಣಿ?"

ಈ ಮನೆಗೆ ಬಂದಮೇಲೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಚಹಾದ ತಾಟು ಹಿಡಿದು ನಿಂತಿದ್ದ ಅವಳು ಬಾಯಿ ತೆರೆದಳು. ಮುತ್ತಪ್ಪ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಅವಳನ್ನೇ ನೋಡಿದ.

"ನೀವು ಅಂದಂಗ ರೀ," ಎಂದಳು. "ಚಾ ಆರತೈತಿ, ಕುಡೀರಿ."

ಖಾಲಿ ಕಪ್ಪುಗಳೊಂದಿಗೆ ಒಳಗೆ ಬಂದು, ಗೋಡೆಗೂಡಿನ ಎದುರು ನಿಂತಳು. ವರ್ಷಕ್ಕೊಮ್ಮೆ ಎಣ್ಣೆ ತಿಕ್ಕಬೇಕು ಎಂದಿದ್ದ ಮುತ್ತಪ್ಪ. ಗಂಡ ಊರಲ್ಲಿಲ್ಲದ ದಿನ ನೋಡಿ ತಾನೇ ತಿಕ್ಕುವುದು. ಮಿಕ್ಕ ದಿನ ಮಧ್ಯಾಹ್ನ ಅರ್ಧ ತಾಸು, ಮಹಡಿಯ ಪೂರ್ವದ ಕಿಟಕಿಯ ಕೆಳಗೆ. ಅಗಸೆ ಚಟ್ನಿಯ ಭರಣಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಅದರ ಹಿಂದೆ ಒಂದು ಬಾಟಲಿ ನಿಲ್ಲುವಷ್ಟು ಜಾಗ ಮಾಡಿಟ್ಟಳು.