ಮೊಹರು ಬಿದ್ದ ತೊಟ್ಟಿ

ಗುಳುಕ್. ಮತ್ತೆ ಗುಳುಕ್. ಸರಿರಾತ್ರಿಯಲ್ಲಿ ಹಿರಿಸೊಸೆಗೆ ಎಚ್ಚರವಾಯಿತು. ಸದ್ದು ಬರುತ್ತಿದ್ದದ್ದು ಹಿತ್ತಲಿನ ಬಣ್ಣದ ಮನೆಯಿಂದ. ಅದರ ಬಾಗಿಲಿಗೆ ನ್ಯಾಯಾಲಯದ ಮೊಹರು ಬಿದ್ದು ಎರಡು ದಿನವಾಗಿತ್ತು.

ಮಾವ ತೀರಿಕೊಂಡ ಮೇಲೆ ಬಟ್ಟೆಗೆ ಬಣ್ಣ ಹಾಕುವ ಕೆಲಸ ನಡೆಸಿದವನು ಮೈದುನ. ಪಾಲು ಬೇಕೆಂದು ದಾವೆ ಹೂಡಿದವನು ಅವಳ ಗಂಡ. ತೀರ್ಪು ಬರುವವರೆಗೆ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ಒಬ್ಬ ವಕೀಲರನ್ನು ರಿಸೀವರ್ ಎಂದು ನೇಮಿಸಿತು. ಅವರು ಬಂದರು, ಪಟ್ಟಿ ಮಾಡಿದರು, ಬೀಗ ಜಡಿದರು. ನೀಲಿ ಬಣ್ಣ ಹುಳಿಯುವ ತೊಟ್ಟಿಯನ್ನು ದಿನಾ ಕಲಕಿ ತೌಡು ಉಣಿಸದಿದ್ದರೆ ಸತ್ತುಹೋಗುತ್ತದೆ ಎಂದು ಮೈದುನ ಗೋಗರೆದ.

"ಕೊಳಕು ನೀರು, ಒಂದು ತೊಟ್ಟಿ ಅಂತ ಬರೆದಾಗಿದೆ. ನೀರು ಎಲ್ಲಾದ್ರೂ ಸಾಯುತ್ತೇನ್ರೀ?" ಎಂದು ವಕೀಲರು ನಕ್ಕರು.

ಅವಳು ಗಂಡನಿಗೂ ಹೇಳಿ ನೋಡಿದ್ದಳು. "ರಿಸೀವರ್ ಇರೋದು ಆಸ್ತಿ ಉಳಿಸೋಕೆ. ನೀವು ಕೇಳ್ಕೊಂಡಿದ್ದು ತಮ್ಮನ ಕತ್ತು ಹಿಸುಕೋಕೆ."

"ನನಗಿಲ್ಲದ ಬಣ್ಣ ಅವನಿಗ್ಯಾಕೆ? ನಮ್ಮ ಮನೆತನದಲ್ಲಿ ಬೀಗ ಹಾಕಿಸಿಯೇ ಗೆಲ್ಲೋದು. ದೊಡ್ಡಪ್ಪ ಗಿರಣಿ ಗೆದ್ದದ್ದು ಹೇಗೆ?"

"ಗೆದ್ದು ಏನು ಸಿಕ್ತು? ತುಕ್ಕು."

"ನಾಲ್ಕಕ್ಷರ ಕಲಿತಿದ್ದೀಯಲ್ಲ, ಬಾಯಿ ಹೆಚ್ಚು!"

ಈಗ ಅವಳು ಬಣ್ಣದ ಮನೆಯ ಹಿಂಬದಿಗೆ ನಡೆದಳು. ಕಿಟಕಿಯ ಒಂದು ಸರಳು ಸರಿದಿತ್ತು. ಒಳಗೆ ಕೋಲು ಹಿಡಿದು ನಿಂತವಳು ಓರಗಿತ್ತಿ. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

"ಪತ್ತೇದಾರಿಗೆ ಬಂದ್ರಾ ಅಕ್ಕಾ? ಹೋಗಿ ಹೇಳಿ. ನಿಮ್ಮವರಿಗೆ ಹಾಲು ಕುಡಿದಷ್ಟು ಸಂತೋಷವಾಗ್ಲಿ."

"ಮೇಲೆ ಮೇಲೆ ಕಲಕಿದ್ರೆ ಏನು ಬಂತು? ತಳ ಮುಟ್ಟಬೇಕು. ಕೊಡಿಲ್ಲಿ."

ಕಿಟಕಿಯಲ್ಲಿ ನುಸುಳಿ ಕೋಲು ಕಿತ್ತುಕೊಂಡು, ಮಣಿಕಟ್ಟಿನವರೆಗೂ ಕೈ ಮುಳುಗುವಂತೆ ಬಗ್ಗಿ ಕಲಕಿದಳು. ಬೆಳಗಿನ ಜಾವದ ಹೊತ್ತಿಗೆ ತೊಟ್ಟಿಯ ಮೇಲೆ ನೊರೆ ಕಟ್ಟಿತು. ತೊಟ್ಟಿ ಬದುಕಿತ್ತು. ಇಬ್ಬರೂ ಒಂದು ಒಳ್ಳೆಯ ಮಾತೂ ಆಡದೆ ಬೇರೆಯಾದರು.

ಬೆಳಿಗ್ಗೆ ರಿಸೀವರ್ ಬಂದು ಮೊಹರು ಮುಟ್ಟಿ ನೋಡಿ, "ಭದ್ರವಾಗಿದೆ" ಎಂದರು. ಗಂಡ ಮಾತ್ರ ಬಾಗಿಲ ಸಂದಿಗೆ ಮೂಗು ಹಚ್ಚಿದ. ಆಗಷ್ಟೇ ಕಲಕಿದ ನೀಲಿಯ ವಾಸನೆ ಅವನು ಹುಟ್ಟಿದಾಗಿನಿಂದ ಬಲ್ಲ.

ನೇರ ಅಡುಗೆಮನೆಗೆ ಬಂದ. "ಇಲಿ ಓಡಾಡಿದ್ರೂ ಎಚ್ಚರ ಆಗುತ್ತೆ ನಿಂಗೆ. ರಾತ್ರಿ ಯಾರೋ ಒಳಗೆ ಹೋಗಿದ್ದಾರೆ. ಸದ್ದು ಕೇಳಿಸ್ತಾ? ರಿಸೀವರ್ ಮುಂದೆ ಒಂದು ಮಾತು ಹೇಳು ಸಾಕು, ತಮ್ಮ, ಅವನ ಹೆಂಡತಿ ಇಬ್ಬರೂ ಜೈಲು ಸೇರ್ತಾರೆ."

ಗೋಡೆಯಾಚೆ ಓರಗಿತ್ತಿ ಪಾತ್ರೆ ಉಜ್ಜುವ ಸದ್ದು ತಟ್ಟನೆ ನಿಂತಿತು.

ಇವನಿಗೆ ಹೇಳುವುದಿಲ್ಲ, ವಕೀಲರಿಗಿಲ್ಲ, ನಾಳೆ ಕಟಕಟೆ ಹತ್ತಿಸಿದರೂ ಇಲ್ಲ ಎಂದು ಹಿರಿಸೊಸೆ ಮನಸ್ಸಿನಲ್ಲೇ ತೀರ್ಮಾನಿಸಿದಳು.

"ಇಲ್ಲಪ್ಪ. ಸತ್ತ ಹಾಗೆ ಮಲಗಿದ್ದೆ," ಎಂದಳು. ಹಿಟ್ಟಿನಲ್ಲಿ ಹುದುಗಿದ್ದ ನೀಲಿ ಕೈಗಳನ್ನು ಮಾತ್ರ, ಅವನು ಅಲ್ಲಿಂದ ಹೋಗುವವರೆಗೂ, ಹೊರಗೆ ತೆಗೆಯಲಿಲ್ಲ.