ಮೂರು ಬುಟ್ಟಿ ಬಿತ್ತನೆ ಜೋಳ

ಲಾರಿಗಳು ನಮ್ಮನ್ನು ಗುಡ್ಡದ ಮೇಲಿನ ಕಲ್ಲುನೆಲದಲ್ಲಿ ಇಳಿಸಿ ಮೂರು ತಿಂಗಳಾಗಿತ್ತು. ಕೆಳಗೆ ಜಾಂಬೆಜಿ ಹೊಳೆಗೆ ಅಣೆಕಟ್ಟು ಎದ್ದು, ಗ್ವೆಂಬೆ ಕಣಿವೆಯ ನಮ್ಮ ಊರು ಮುಳುಗುತ್ತಿತ್ತು. ಬಿತ್ತನೆಯ ಜೋಳ ಮಾತ್ರ ಹಳೆಯ ಕಣಜದಲ್ಲೇ ಉಳಿದಿತ್ತು. ಮುಂದಿನ ಲಾರಿಯಲ್ಲಿ ಬರುತ್ತದೆ ಎಂದಿದ್ದರು. ಆ ಲಾರಿ ಬರಲೇ ಇಲ್ಲ. ಮಳೆಗಾಲ ಬಂತು.

ಹೊಳೆದಂಡೆಯ ಹೊಲ ನಮ್ಮಲ್ಲಿ ಹೆಂಗಸರದು, ಬೀಜವೂ ಅವರದೇ. ಅಕ್ಕ ನಮೂಂಗಾ ನನ್ನನ್ನು ಕರೆದುಕೊಂಡು ಹೊರಟಳು. ಅವಳ ನಾಲ್ಕು ವರ್ಷದ ಮಗಳು ಬೇಂಜು ಹಸಿವಿಗೆ ಮಣ್ಣು ತಿನ್ನತೊಡಗಿದ್ದಳು.

ಒಂದು ದಿನ ನಡೆದು, ಇನ್ನೊಂದು ದಿನ ಮರದ ದೋಣಿಯಲ್ಲಿ ಹುಟ್ಟು ಹಾಕಿದೆವು. ಊರೆಲ್ಲ ನೀರು. ಕಂಬಗಳ ಮೇಲೆ ನಿಂತ ಕಣಜದ ತಳಕ್ಕೆ ಆಗಲೇ ಅಲೆ ಬಡಿಯುತ್ತಿತ್ತು. ಮೇಲಿನ ಜೋಳವಷ್ಟೇ ನೆನೆಯದೆ ಉಳಿದಿತ್ತು. ಮೂರು ಬುಟ್ಟಿ ತುಂಬಿದೆವು. ದೋಣಿಯ ಅಂಚು ನೀರಿನಿಂದ ನಾಲ್ಕೇ ಬೆರಳು ಮೇಲಿತ್ತು. ಇನ್ನೊಮ್ಮೆ ಬರುವಷ್ಟರಲ್ಲಿ ಕಣಜ ಮುಳುಗಿರುತ್ತಿತ್ತು.

"ಯಾರೇ ಅದು? ಜೋಳ ಕದಿಯೋಕೆ ಬಂದ್ರಾ?"

ಹುಣಸೆಮರದ ಕೊಂಬೆಯಲ್ಲಿ ಸಿಯಬ್ವಾಂಡ ತಾತ. ಮಳೆಗುಡಿಯ ಪೂಜಾರಿ. ಲಾರಿ ಬಂದ ದಿನ ಪೊದೆಯಲ್ಲಿ ಅಡಗಿಕೊಂಡವನು.

"ನಮ್ ಜೋಳ ನಾವೇ ಕದಿಯೋದಾ? ನೀನ್ಯಾಕೆ ತಾತ, ಕೋತಿ ಥರ ಮರ ಹತ್ತಿದೀಯ?" ಎಂದಳು ಅಕ್ಕ.

"ಗುಡಿ ಕಾಯ್ತಿದೀನಿ."

"ಎಲ್ಲಿದೆ ಗುಡಿ?"

ಅವನು ನೀರಿನ ಕಡೆ ಬೆರಳು ತೋರಿಸಿದ. ಆಮೇಲೆ ನಮ್ಮ ದೋಣಿ ನೋಡಿ, "ಬುಟ್ಟಿ ತಗೊಂಡು ಹೋಗ್ರವ್ವ. ಉಂಡು ಮುಗಿಸಿದೋನು ನಾನು," ಎಂದ.

ನಾನು ಹೇಳಬಾರದ್ದನ್ನು ಹೇಳಿದೆ. "ತಾತ ಹೇಳೋದು ಸರಿ ಅಕ್ಕ. ಬೇಂಜೂನ ನೆನೆಸ್ಕೋ."

ಅಕ್ಕ ಒಂದು ಬುಟ್ಟಿ ಎತ್ತಿ ನೀರಿಗೆ ಸುರಿದಳು. ಎರಡನೆಯದನ್ನೂ. ತಾತ ಮರದಿಂದ ದೋಣಿಗೆ ಇಳಿದಾಗ ಅದು ವಾಲಿ ನೀರು ಒಳನುಗ್ಗಿತು. ಮೂರನೆಯದೂ ನೀರುಪಾಲಾಯಿತು.

"ಬಾಯಿ ಮುಚ್ಕೊಂಡು ನೀರು ಮೊಗಿ," ಎಂದಳು ನನಗೆ.

ಗುಡ್ಡ ಹತ್ತಿದಾಗ ಹೆಂಗಸರೆಲ್ಲ ಓಡಿಬಂದರು. ಬರಿಗೈ ಕಂಡು ಒಬ್ಬಳು ಕಿರುಚಿದಳು. "ಬೀಜ ತರೋಕೆ ಹೋಗಿ ಮುದುಕನ್ನ ತಂದ್ರಾ? ಇವನ್ನೇ ಬಿತ್ತೋಣ್ವಾ?" ಯಾರೂ ನಗಲಿಲ್ಲ.

ಆ ವರ್ಷ ನಮ್ಮೂರಲ್ಲಿ ಯಾರೂ ಬಿತ್ತಲಿಲ್ಲ. ಕಾಡುಗೆಡ್ಡೆಯ ಕಹಿ ಹೋಗಲೆಂದು ಎರಡೆರಡು ದಿನ ನೆನೆಹಾಕಿ ತಿಂದೆವು. ನಾವು ಮರಳಿದ ಹದಿನೇಳನೆಯ ದಿನ ಬೇಂಜು ಹೋದಳು. ಹೊಸ ನೆಲದಲ್ಲಿ ಅದೇ ಮೊದಲ ಗೋರಿ. ಅವಳ ಪಕ್ಕದಲ್ಲಿ ಮಲಗಿದ ಹಿರಿಯರು ಯಾರೂ ಇರಲಿಲ್ಲ. ತಾತನೇ ಗುದ್ದಲಿ ಹಿಡಿದ. ಬರೀ ಕಲ್ಲು. ಮಧ್ಯಾಹ್ನದವರೆಗೆ ಅಗೆದರೂ ಮೊಣಕಾಲುದ್ದ ಇಳಿಯಲಿಲ್ಲ.

"ನನ್ನ ಅಲ್ಲೇ ಬಿಟ್ಟು ಬಂದಿದ್ರೆ..." ಎಂದ.

"ಬಿತ್ತಿದ್ರೂ ತೆನೆ ಬರೋಕೆ ನಾಲ್ಕು ತಿಂಗಳು ಬೇಕು ತಾತ. ಇವಳು ಕಾಯ್ತಿರಲಿಲ್ಲ," ಎಂದಳು ಅಕ್ಕ.

ಬಿತ್ತುವ ಬದಲು ಒಂದೇ ಒಂದು ಬುಟ್ಟಿ ಕುದಿಸಿದ್ದರೆ ಸಾಕಿತ್ತು. ಅದು ಅಕ್ಕನಿಗೆ ಗೊತ್ತಿತ್ತು, ತಾತನಿಗೂ ಗೊತ್ತಿತ್ತು. ಅವನು ಕುಸಿದು ಕೂತ. ಅಕ್ಕ ಗುದ್ದಲಿ ತೆಗೆದುಕೊಂಡು ಗುಂಡಿಗೆ ಇಳಿದಳು.