ಆರನೇ ಗಂಟೆಯ ಮೇಲಿನ ಪದ

ಓದೋಕೂ ಬರಲ್ವೇನೋ ನಿಂಗೆ, ಹದಿನೈದಕ್ಕೇ ಶಾಲೆಗೆ ಬೆನ್ನು ತೋರಿಸ್ದೋನೆ, ಎಲ್ಲರ ಮುಂದೆ ಅಂದುಬಿಟ್ಟ ಎನಾಕ್ ಥ್ರಾಸ್ಕ್, ಅವನ ಕೈಯಲ್ಲಿ ಆರನೇ ಗಂಟೆಯ, ಎಲ್ಲಕ್ಕಿಂತ ದೊಡ್ಡದರ ಹಗ್ಗ ಇನ್ನೂ ನಡುಗುತ್ತಿದೆ — ಉಳಿದ ನಾಲ್ವರು ತಂತಮ್ಮ ಹಗ್ಗ ಹಿಡಿದು ನೆಲ ನೋಡುತ್ತಿದ್ದಾರೆ, ಗೋಪುರದ ಕೆಳಗೆ ಚರ್ಚಿನೊಳಗೆ ಅವನ ತಮ್ಮ ಐವರ್‌ನ ಶವಪೆಟ್ಟಿಗೆ ಹೊತ್ತವರ ಬೂಟಿನ ಸದ್ದು, ಆ ಗಂಟೆ ಮೇಲೆ ಏನ್ ಬರ್ದಿದೆ ಹೇಳೋ, ರಿಜಾಯ್ಸ್, ಹಿಗ್ಗು ಅಂತ, ಅದಕ್ಕೆ ಚರ್ಮ ಕಟ್ದೆ ಬಿಟ್ಟು ನನ್ನ ತಮ್ಮನ ಹೆಣ ಒಳಗೆ ಬರೋವಾಗ ಊರಿಗೆಲ್ಲ ಹಿಗ್ಗಿ ಅಂತ ಸಾರಿಸ್ದೆಯಲ್ಲೋ, ಬಿಡು ಎನಾಕ್, ಹುಡುಗ ಮರ್ತಿರ್ತಾನೆ, ಪಕ್ಕದ ಹಗ್ಗದ ಹಿಲ್ಡಾ ಸಣ್ಣಗೆ ಅಂದಳು — ಮರೆತಿಲ್ಲ, ಮರೆತಿದ್ದರೆ ಚೆನ್ನಾಗಿತ್ತು, ಸಾವಿಗೆ ಬಾರಿಸುವಾಗ ಗಂಟೆಯ ನಾಲಿಗೆಯ ಒಂದು ಮಗ್ಗುಲಿಗೆ ಚರ್ಮದ ಪಟ್ಟಿ ಕಟ್ಟಬೇಕು, ಒಂದು ಬಡಿತ ಜೋರು, ಮುಂದಿನದು ಹೊಲದಾಚೆಯಿಂದ ಬಂದಂತೆ ಮಂಕು, ನಿನ್ನೆ ಆರರಲ್ಲಿ ಐದಕ್ಕೆ ಕಟ್ಟಿದೆ, ಆರನೆಯದರ ಹತ್ತಿರ ಹೋಗಲಾಗಲಿಲ್ಲ, ಉಳಿದವು ಬಾಯಿ ಕೆಳಗೆ ಮಾಡಿ ತೂಗುತ್ತಿದ್ದವು, ಅದೊಂದು ಬಾರಿಸುವಾಗಿನಂತೆ ಬಾಯಿ ಮೇಲೆ ಮಾಡಿ ನಿಂತಿತ್ತು, ಒಂದು ಟನ್ ಕಂಚು, ಅದನ್ನು ತಡೆದಿದ್ದದ್ದು ಒಂದು ಮರದ ತುಂಡು, ನನ್ನ ಮಣಿಕಟ್ಟಿನಷ್ಟು ದಪ್ಪ, ಅಷ್ಟೇ, ಅದು ಮುರಿದು ಗಂಟೆ ಬೀಸಿ ಬಂದರೆ ನಾನು ಗೋಡೆಗೆ ಮೆತ್ತಿದ ಕೆಸರು, ಇಳಿದು ಬಂದು ಎಲ್ಲಾ ಕಟ್ಟಾಯ್ತು ಅಂದೆ, ಎಷ್ಟು ಸಲೀಸಾಗಿ ಅಂದೆ.

ಗುರುವಾರ ಅಭ್ಯಾಸ ಮುಗಿಸಿ ಅದನ್ನು ಬಾಯಿ ಕೆಳಗಾಗಿ ಇಳಿಸಿಡಬೇಕಾದವನು ಯಾರು, ನೀನೇ ಎನಾಕ್, ಐವರ್ ಹಾಸಿಗೆ ಹಿಡಿದ ಮೇಲೆ ಆ ಹಗ್ಗ ನಿನ್ನದೇ, ಹೇಳಿಬಿಡಲೇ, ಇವರೆಲ್ಲರ ಮುಂದೆ ಮುಖಕ್ಕೆ ಹೊಡೆದಂತೆ — ಆದರೆ ಗುರುವಾರ ಗಂಟೆ ಮೇಲಿದ್ದಾಗಲೇ ಐವರ್ ಹೋದ ಸುದ್ದಿ ಬಂತು, ಹಗ್ಗವನ್ನು ಗೂಟಕ್ಕೆ ಸುತ್ತಿ ಕೋಟೂ ಹಾಕದೆ ಓಡಿದ ಮುದುಕ, ಹಿಗ್ಗು, ಯಾರು ಆಡುತ್ತಾರೆ ಆ ಮಾತನ್ನು, ನಾನು ದುಡಿಯುವ ಸಕ್ಕರೆ ಕಾರ್ಖಾನೆಯಲ್ಲಿ ರಜೆ ಸಿಕ್ಕರೆ ಯಾರೂ ರಿಜಾಯ್ಸ್ ಅನ್ನುವುದಿಲ್ಲ, ಪಬ್ಬಿಗೆ ಹೋಗ್ತಾರೆ, ಅದು ಪಾದ್ರಿಯ ಬಾಯಲ್ಲಿ, ಗಂಟೆಯ ಹೊಟ್ಟೆಯ ಮೇಲೆ, ಅದೂ ಅಪ್ಪಣೆ ಕೊಟ್ಟ ಹಾಗೆ, ಹಿಗ್ಗು, ಹಿಗ್ಗೋ — ಐವರ್ ಮಾತ್ರ ಅನ್ನುತ್ತಿದ್ದ, ಮೂವತ್ತು ವರ್ಷ ಆ ಗಂಟೆ ಎಳೆದವನು, ನನ್ನ ಹಿಂದೆ ನಿಂತು ನನ್ನ ಕೈ ಮೇಲೆ ಕೈಯಿಟ್ಟು, ಹೆದರ್ಬೇಡ ಮರಿ, ಹಗ್ಗ ತಾನೇ ಬರುತ್ತೆ, ಬಿಡು, ಹಿಡಿ, ಮೊದಲ ಸಲ ಆರೂ ಸಾಲಾಗಿ ನುಡಿದು ನಿಂತಾಗ ನನ್ನ ಬೆನ್ನಿಗೆ ಗುದ್ದಿ, ಕೇಳಿಸ್ತಾ, ಇದಕ್ಕೇ ಕಣೋ ಆ ಪದ ಇರೋದು.

ಇನ್ನು ಮುಕ್ಕಾಲು ಗಂಟೇಲಿ ಪೆಟ್ಟಿಗೆ ಆಚೆ ಹೋಗುತ್ತೆ, ಎನಾಕ್ ಗೋಡೆಯ ಕಡೆ ತಿರುಗಿ ಅನ್ನುತ್ತಿದ್ದಾನೆ, ಐದೇ ಬಾರಿಸೋಣ, ಅದು ಸುಮ್ನಿರ್ಲಿ — ಐವರ್‌ನದೇ ಗಂಟೆ, ಐವರ್‌ಗೇ ಮೂಕ, ಅದಕ್ಕೆ ಕಟ್ಟಬೇಕಿದ್ದ ಚರ್ಮದ ಪಟ್ಟಿ ನನ್ನ ಜೇಬಿನಲ್ಲೇ ಇದೆ, ಒದ್ದೆಯಾಗಿದೆ, ನನ್ನದೇ ಬೆವರು, ಕಾಲು ಏಣಿಯ ಮೇಲಿದೆ, ಯಾವಾಗ ಬಂತು, ಏಯ್ ಎಲ್ಲಿಗೋ, ಎನಾಕ್ ಕೂಗುತ್ತಾನೆ, ಈಗ ಆರೂ ಬಾಯಿ ಮೇಲೆ ಮಾಡಿ ನಿಂತಿವೆ, ಸಾಯ್ತೀಯ, ಇಳಿಯೋ ಕತ್ತೆ, ಹತ್ತುತ್ತೇನೆ, ಮೇಲೆ ಪಾರಿವಾಳದ ಹಿಕ್ಕೆಯ ವಾಸನೆ, ಕಂಚಿನ ತಣ್ಣಗಿನ ಉಸಿರು, ಆರನೆಯದನ್ನು ತಡೆದ ಮರದ ತುಂಡು, ಮಣಿಕಟ್ಟಿನಷ್ಟು ದಪ್ಪ, ಮರದ ತುಂಡು, ಅದರಲ್ಲಿ ಕೂದಲೆಳೆಯಂಥ ಒಂದು ಬಿರುಕು